ದನದ ಡಾಕ್ಟ್ರನ್ನು ಕೇಳಿ: ಮಂಗ ಸತ್ತರೆ ಫೋನ್ ಮಾಡಬೇಕಾ?

ಜುಲೈ 6 ಪ್ರಾಣಿಜನ್ಯ ರೋಗಗಳ ದಿನ ಅಂತ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. 1885ರಲ್ಲಿ ಅದೇ ದಿನ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಒಬ್ಬ ಹುಡುಗನಿಗೆ ಮೊದಲ ಸಲ ಲಸಿಕೆ ಕೊಡಿಸಿದ್ದು. ಅಷ್ಟು ಬರೆದದ್ದೇ ತಡ, ಉಡುಪಿ, ಕುಂದಾಪುರ, ಮಂಗಳೂರು ಎಲ್ಲ ಕಡೆಯಿಂದ ಪ್ರಶ್ನೆ ಬಂತು. ದನ, ನಾಯಿ, ಬೆಕ್ಕು, ಬಾವಲಿ, ಮಂಗ ಯಾರನ್ನೂ ಬಿಟ್ಟಿಲ್ಲ. ಮನುಷ್ಯರ ಕಾಯಿಲೆಗೆ ಮನುಷ್ಯರ ಡಾಕ್ಟ್ರ ಹತ್ತಿರ ಹೋಗಿ ಅಂತ ನಾನು ಹೇಳಬಹುದಿತ್ತು. ಆದರೆ ಇವೆಲ್ಲ ಮೊದಲು ಹಟ್ಟಿಯಲ್ಲೋ ತೋಟದಲ್ಲೋ ಕಾಣಿಸಿಕೊಂಡು ಆಮೇಲೆ ಮನೆಯೊಳಗೆ ಬರುವ ಕಾಯಿಲೆಗಳು, ಹಾಗಾಗಿ ನಾನೂ ಬಾಯಿ ಹಾಕುತ್ತೇನೆ. ಕೆಲವು ಪತ್ರ ಉದ್ದ ಇದ್ದವು, ಕತ್ತರಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕಾಡಿನ ಅಂಚಿನ ಅಡಿಕೆ ತೋಟ. ಕಳೆದ ಜನವರಿಯಲ್ಲಿ ತೋಟದ ಮೇಲಿನ ಬದಿಯಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಹೊಂಡ ತೆಗೆದು ಹುಗಿದುಬಿಡುವ ಅಂತ ಕೆಲಸದವರು ಹೇಳಿದರು. ನಾನು ಸುಮ್ಮನಿರದೆ ಪಂಚಾಯತಿಗೆ ತಿಳಿಸಿದೆ. ಆರೋಗ್ಯ ಇಲಾಖೆಯವರ ಜೊತೆ ಪಶುವೈದ್ಯರೂ ಬಂದರು. ಮೈಯೆಲ್ಲ ಮುಚ್ಚುವ ಬಟ್ಟೆ ಹಾಕಿಕೊಂಡು ಮಂಗನನ್ನು ಅಲ್ಲೇ ಕೊಯ್ದು, ಏನೇನೋ ಡಬ್ಬಿಗೆ ತುಂಬಿಸಿ, ಉಳಿದದ್ದನ್ನು ಸುಟ್ಟು ಹೋದರು. ಈಗ ಕೆಲಸಕ್ಕೆ ಜನ ಬರುವುದಿಲ್ಲ, ಊರವರು ನನ್ನನ್ನೇ ಬೈಯುತ್ತಾರೆ. ಮಂಗನಿಗೆ ಪೋಸ್ಟ್‌ಮಾರ್ಟಂ ಬೇಕಿತ್ತಾ?
– ಅಡಿಕೆ ಬೆಳೆಗಾರರು, ಹೆಬ್ರಿ

ಉತ್ತರ: ಬೇಕಿತ್ತು ಮಾರಾಯ್ರೇ. ನೀವು ಮಾಡಿದ್ದು ನೂರಕ್ಕೆ ನೂರು ಸರಿ, ಬೈದವರಿಗೆ ಈ ಪುಟ ತೋರಿಸಿ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂತು. ಮಂಗ ಸಾಯುತ್ತಿರುವುದು ನೋಡಿ ಮೊದಲು ಹಳದಿ ಜ್ವರ ಬಂತೋ ಅಂತ ಹೆದರಿದ್ದರು. ನೋಡಿದರೆ ಅದು ಹೊಸದೇ ಒಂದು ವೈರಸ್. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು, ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಈ ಹೆಸರಿನಿಂದಲೇ ಅರ್ಧ ತಪ್ಪು ತಿಳುವಳಿಕೆ. ಕಾಯಿಲೆ ಹರಡುವುದು ಮಂಗನಿಂದ ಅಲ್ಲ, ಉಣ್ಣಿಯಿಂದ. ಮಂಗ ನಮ್ಮ ಹಾಗೆಯೇ ಉಣ್ಣಿ ಕಚ್ಚಿ ಸಾಯುವ ಪ್ರಾಣಿ. ಸ್ವಲ್ಪ ಮೊದಲು ಸಾಯುತ್ತದೆ, ಅಷ್ಟೇ.

ಆ ಮೊದಲು ಅನ್ನುವುದರಲ್ಲೇ ನಿಮಗೆ ಸಿಗುವ ಪ್ರಯೋಜನ ಇರುವುದು. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೈಮೇಲಿನ ಉಣ್ಣಿಗಳು ಇಳಿದು ಹೋಗುತ್ತವೆ. ದೂರ ಎಲ್ಲೂ ಹೋಗುವುದಿಲ್ಲ, ಅಲ್ಲೇ ತರಗೆಲೆಯಲ್ಲಿ ಕೂತು ಮುಂದಿನ ಬಿಸಿರಕ್ತಕ್ಕೆ ಕಾಯುತ್ತವೆ. ಕಚ್ಚುವ ಮರಿ ಉಣ್ಣಿ ಎಳ್ಳಿಗಿಂತ ಸಣ್ಣದು, ಕಾಲಿಗೆ ಹತ್ತಿದರೆ ಗೊತ್ತೇ ಆಗುವುದಿಲ್ಲ. ನಿಮ್ಮ ಕೆಲಸದವರು ಹೊಂಡ ತೆಗೆಯಲು ಅರ್ಧ ಗಂಟೆ ಅಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಏನಾಗುತ್ತಿತ್ತು ಹೇಳಿ. ಪಶುವೈದ್ಯರು ಬಂದಾಗ ಸತ್ತ ಜಾಗದ ಸುತ್ತ ಉಣ್ಣಿ ಸಾಯುವ ಪುಡಿ ಹಾಕಿಸಿರುತ್ತಾರೆ, ನೀವು ನೋಡಿರಬಹುದು. ಸ್ಯಾಂಪಲ್‌ನಲ್ಲಿ ವೈರಸ್ ಸಿಕ್ಕಿದರೆ ಆಶಾ ಕಾರ್ಯಕರ್ತೆಯರು ಸುತ್ತಲಿನ ಮನೆಗಳಿಗೆ ಹೋಗಿ ಜ್ವರ ಬಂದವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಾರೆ, ಕಾಡಿಗೆ ಹೋಗುವವರಿಗೆ ಉಣ್ಣಿ ಹತ್ತದ ಹಾಗೆ ಕೈಕಾಲಿಗೆ ಹಚ್ಚುವ ಡೇಪಾ ಎಣ್ಣೆ ಕೊಡುತ್ತಾರೆ. ಇಷ್ಟೂ ಕೆಲಸಕ್ಕೆ ಚಾಲನೆ ಕೊಟ್ಟದ್ದು ನಿಮ್ಮ ಒಂದು ಫೋನು.

ಸತ್ತ ಮಂಗನೆಲ್ಲ ಕಾಯಿಲೆಯ ಮಂಗ ಅಲ್ಲ, ಅದೂ ಗೊತ್ತಿರಲಿ. ಕರೆಂಟ್ ತಂತಿ ಮುಟ್ಟಿ ಸಾಯುತ್ತವೆ, ಕಚ್ಚಾಡಿ ಸಾಯುತ್ತವೆ, ಯಾರೋ ವಿಷ ಇಟ್ಟೂ ಸಾಯುತ್ತವೆ. ಯಾವುದು ಯಾವುದು ಅಂತ ಕೊಯ್ದು ನೋಡದೆ ಹೇಳಲು ಆಗುವುದಿಲ್ಲ.

ನಮ್ಮ ಕರಾವಳಿಗೆ ಇದು ಘಟ್ಟದ ಮೇಲಿನ ಕಾಯಿಲೆ ಅನ್ನುವ ಧೈರ್ಯ ಜಾಸ್ತಿ. 1982–83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆದದ್ದು ಹಳಬರಿಗೆ ನೆನಪಿರಬೇಕು. ಗೇರು ತೋಪಿಗೆ ಅಂತ ಕಾಡು ಕಡಿದ ಕಡೆ ಈ ಕಾಯಿಲೆ ಎದ್ದು ಸಾವಿರಕ್ಕೂ ಹೆಚ್ಚು ಜನರಿಗೆ ಬಂತು, ನೂರಕ್ಕೂ ಹೆಚ್ಚು ಜನ ಹೋದರು. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಕಾಯಿಲೆ ಜೋರಾಗಿದ್ದಾಗ ಉಡುಪಿ ಜಿಲ್ಲೆಯಲ್ಲೂ ಸತ್ತ ಮಂಗಗಳಲ್ಲಿ ವೈರಸ್ ಸಿಕ್ಕಿತ್ತು.

ಇನ್ನು ನಿಮ್ಮ ಹಟ್ಟಿಯ ವಿಷಯ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಹಾಲಿನಿಂದಲೂ ಹರಡುವುದಿಲ್ಲ. ಆದರೆ ದೊಡ್ಡ ಉಣ್ಣಿಗಳು ರಕ್ತ ಕುಡಿದು ಮೊಟ್ಟೆಗೆ ತಯಾರಾಗುವುದು ದನದ ಮೈಯಲ್ಲೇ. ಕಾಡಿಗೆ ಮೇಯಲು ಬಿಟ್ಟ ಒಂದು ದನ ಸಾವಿರಾರು ಉಣ್ಣಿಗೆ ಊಟ ಹಾಕಿದ ಹಾಗೆ. ಅದಕ್ಕೇ ಡಿಸೆಂಬರ್‌ಗೆ ಮೊದಲು ದನಗಳಿಗೆ ಉಣ್ಣಿ ಔಷಧಿ ಹಾಕಿಸಿ ಅಂತ ನಾವು ಮನೆ ಮನೆಗೆ ಹೋಗಿ ಹೇಳುವುದು. ಡಿಸೆಂಬರ್‌ನಿಂದ ಮೇವರೆಗೆ ಕಾಡಿನ ತರಗೆಲೆ ಹಟ್ಟಿಗೆ ಹಾಸಲು ತರಬೇಡಿ. ಸೊಪ್ಪಿಗೆ ಹೋಗಲೇಬೇಕು ಅಂತಾದರೆ ಎಣ್ಣೆ ಹಚ್ಚಿ, ಉದ್ದ ಬಟ್ಟೆ ಹಾಕಿ ಹೋಗಿ, ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಾಕಿ ಮೀಯಿರಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಈಗ ಕೊಡುತ್ತಿಲ್ಲ, ಅದರ ಬಲ ಸಾಕಾಗುತ್ತಿರಲಿಲ್ಲ. ಹಾಗಾಗಿ ಸದ್ಯಕ್ಕೆ ಈ ಮೀಯುವುದು, ಎಣ್ಣೆ ಹಚ್ಚುವುದು, ಫೋನ್ ಮಾಡುವುದೇ ಲಸಿಕೆ.

ಕೆಲಸದವರಿಗೆ ಹೇಳಿ, ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬರಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಆಯಿತು. ಪಂಚಾಮೃತಕ್ಕೆ ನಮ್ಮದೇ ದನದ ಹಸಿ ಹಾಲು ಹಾಕಿದ್ದೆವು. ಸುಮಾರು 60 ಜನ ತೆಗೆದುಕೊಂಡಿದ್ದಾರೆ. ಐದು ದಿನ ಕಳೆದ ಮೇಲೆ ದನ ಜೊಲ್ಲು ಸುರಿಸಿ, ಒಂಥರಾ ಕೂಗಿ, ಎಂಟನೇ ದಿನಕ್ಕೆ ಸತ್ತಿತು. ತಿಂಗಳ ಹಿಂದೆ ಅದಕ್ಕೆ ನಾಯಿ ಕಚ್ಚಿತ್ತು ಅಂತ ಪಕ್ಕದ ಮನೆಯ ಹುಡುಗ ಈಗ ಹೇಳುತ್ತಿದ್ದಾನೆ. ಊರೆಲ್ಲ ಗಲಾಟೆ. 60 ಜನರಿಗೂ ಇಂಜೆಕ್ಷನ್ ಕೊಡಿಸಬೇಕಾ?
– ಗೃಹಿಣಿ, ಕುಂದಾಪುರ ತಾಲೂಕು

ಉತ್ತರ: ಅಕ್ಕಾ, ನಿಮ್ಮ ಪತ್ರ ಬಂದ ದಿನವೇ ಫೋನಿನಲ್ಲಿ ಉತ್ತರ ಹೇಳಿದ್ದೇನೆ, ಇಂಥದ್ದಕ್ಕೆ ಪತ್ರಿಕೆ ಬರುವವರೆಗೆ ಕಾಯಬಾರದು. ಇಲ್ಲಿ ಹಾಕುತ್ತಿರುವುದು ಉಳಿದವರಿಗಾಗಿ. ಪ್ರತಿ ವರ್ಷ ಎಲ್ಲಾದರೂ ಒಂದು ಕಡೆ ಈ ಪಂಚಾಮೃತದ ಕಥೆ ಇದ್ದೇ ಇರುತ್ತದೆ.

ಹೆದರಿಕೆಗೆ ಮೊದಲು ಉತ್ತರ. ಹುಚ್ಚು ಹಿಡಿದ ದನದ ಹಾಲು ಕುಡಿದು ಮನುಷ್ಯರಿಗೆ ರೇಬೀಸ್ ಬಂದದ್ದು ಇವತ್ತಿನವರೆಗೆ ಸಾಬೀತಾಗಿಲ್ಲ. ಕುದಿಸಿದ ಹಾಲು ಕುಡಿದವರು ತಲೆಬಿಸಿ ಮಾಡುವುದೇ ಬೇಡ. ಹಸಿ ಹಾಲು ಬಾಯಿಗೆ ಹೋದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಲಿ, ಇಂಜೆಕ್ಷನ್ ಬೇಕೋ ಬೇಡವೋ ಅಂತ ಅಲ್ಲಿನ ಡಾಕ್ಟ್ರು ನೋಡಿ ಹೇಳುತ್ತಾರೆ. ಗಲಾಟೆ ಮಾಡುವ ವಿಷಯ ಅಲ್ಲ.

ನನಗೆ ಹೆದರಿಕೆ ಬೇರೆಯವರ ಬಗ್ಗೆ. ದನ ಜೊಲ್ಲು ಸುರಿಸುತ್ತಿದ್ದಾಗ ಅದರ ಬಾಯಿಗೆ ಕೈ ಹಾಕಿದವರು ಯಾರು? ಯಾರಾದರೂ ಹಾಕಿಯೇ ಇರುತ್ತಾರೆ. ಯಾಕೆ ಅಂದರೆ ಈ ಕಾಯಿಲೆಯಲ್ಲಿ ದನಕ್ಕೆ ಗಂಟಲಿನ ನರ ಸೋತು ನುಂಗಲು ಆಗುವುದಿಲ್ಲ. ನೋಡುವವರಿಗೆ ಏನೋ ಸಿಕ್ಕಿಹಾಕಿಕೊಂಡಿದೆ ಅಂತಲೇ ಕಾಣುವುದು.

ನನ್ನದೇ ಕಥೆ ಹೇಳುತ್ತೇನೆ, ನಾಚಿಕೆ ಬಿಟ್ಟು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕಾರ್ಕಳದ ಕಡೆಯ ಒಂದು ಹಳ್ಳಿ. ಮೇ ತಿಂಗಳು, ಹಲಸಿನ ಕಾಲ. ದನ ಎರಡು ದಿನದಿಂದ ನೀರು ಮುಟ್ಟಿಲ್ಲ, ಬಾಯಿಂದ ನೂಲು ನೂಲಾಗಿ ಜೊಲ್ಲು ಇಳಿಯುತ್ತಿದೆ. ಹಲಸಿನ ಬೇಳೆ ಗಂಟಲಿಗೆ ಸಿಕ್ಕಿದ್ದು ಡಾಕ್ಟ್ರೇ ಅಂತ ಮನೆಯ ಯಜಮಾನರು ಖಡಾಖಂಡಿತ ಹೇಳಿದರು. ನಾನೂ ಹೌದು ಅಂತ ಅಂದುಕೊಂಡೆ. ಗ್ಲೌಸ್ ಬೈಕಿನ ಡಬ್ಬಿಯಲ್ಲಿತ್ತು, ಬೈಕು ಗದ್ದೆಯ ಆಚೆ ರಸ್ತೆಯಲ್ಲಿತ್ತು. ಯಾರು ಹೋಗುವುದು ಅಂತ ಬರಿಗೈಯನ್ನೇ ಮೊಣಕೈವರೆಗೆ ಬಾಯೊಳಗೆ ಹಾಕಿದೆ. ಬೇಳೆ ಸಿಗಲಿಲ್ಲ. ಕೈ ತೆಗೆಯುವಾಗ ದನ ಒಂದು ಸಲ ಕೂಗಿತು. ಒಡೆದ ಕೊಳಲಿನ ಹಾಗೆ, ಬೊಡ್ಡು ಸ್ವರ. ಆ ಸ್ವರ ಕೇಳಿದ್ದೇ ನನ್ನ ಕಾಲು ತಣ್ಣಗಾಯಿತು, ಯಾಕೆಂದರೆ ಕಾಲೇಜಿನಲ್ಲಿ ಮೇಷ್ಟ್ರು ಅದನ್ನೇ ಬಾಯಿಂದ ಕೂಗಿ ತೋರಿಸಿದ್ದರು, ನಾವೆಲ್ಲ ನಕ್ಕಿದ್ದೆವು. ಬಾವಿಕಟ್ಟೆಗೆ ಓಡಿ ಬಟ್ಟೆ ಸೋಪಿನಲ್ಲಿ ಕೈ ತಿಕ್ಕಿದೆ, ಹೆಬ್ಬೆರಳಿನಲ್ಲಿ ಹಿಂದಿನ ದಿನದ ಗಾಯ ಇತ್ತು. ನಾನು, ಯಜಮಾನರು, ಅವರ ಮಗ ಮೂರು ಜನ ಒಟ್ಟಿಗೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿದೆವು. ದನ ಮೂರನೇ ದಿನ ಸತ್ತಿತು. ಅಲ್ಲಿಂದ ಮೇಲೆ ಗ್ಲೌಸ್ ಪ್ಯಾಂಟಿನ ಕಿಸೆಯಲ್ಲೇ ಇರುತ್ತದೆ, ಮದುವೆಗೆ ಹೋದರೂ.

ಹಾಗಾಗಿ ಅಕ್ಕಾ, ಬಾಯಿಗೆ ಕೈ ಹಾಕಿದವರು, ಕೈಯಲ್ಲಿ ಗಾಯ ಇದ್ದು ಜೊಲ್ಲು ಮುಟ್ಟಿದವರು ಯಾರಿದ್ದಾರೋ ಅವರನ್ನು ಪಟ್ಟಿ ಮಾಡಿ ಕಳಿಸಿ. ಅದು 60 ಆಗಲಿಕ್ಕಿಲ್ಲ, ನಾಲ್ಕೋ ಐದೋ ಆಗಬಹುದು. ಇಂಜೆಕ್ಷನ್ 0, 3, 7, 28ನೇ ದಿನ ಚರ್ಮಕ್ಕೆ ಚುಚ್ಚುತ್ತಾರೆ, ಸರಕಾರಿ ಆಸ್ಪತ್ರೆಯಲ್ಲಿ ಹಣ ಇಲ್ಲ. ಗಾಯದ ಮೇಲೆ ಜೊಲ್ಲು ಬಿದ್ದಿದ್ದರೆ ಅದರ ಜೊತೆ ಗಾಯದೊಳಗೇ ಕೊಡುವ ಇನ್ನೊಂದು ಔಷಧಿ ಇದೆ, ಅದನ್ನು ಬೇಡ ಅನ್ನಬಾರದು. ಮೂರು ಆದ ಮೇಲೆ ಸಾಕು ಅಂತ ನಿಲ್ಲಿಸುವವರು ತುಂಬ ಇದ್ದಾರೆ. ರೇಬೀಸ್ ಕಾಣಿಸಿಕೊಂಡ ಮೇಲೆ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ ಅನ್ನುವುದು ಇವರಿಗೆ ಗೊತ್ತಿದ್ದೂ ಹೀಗೆ ಮಾಡುತ್ತಾರೆ.

ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನ ಪುಡಿ ಏನೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. 15 ನಿಮಿಷ ಅಂದರೆ ಎಷ್ಟು ಉದ್ದ ಅಂತ ಗಡಿಯಾರ ನೋಡಿ ತೊಳೆದವರಿಗೇ ಗೊತ್ತು. ದನಕ್ಕೆ ಕಚ್ಚಿದರೂ ಹಾಗೆಯೇ ತೊಳೆದು ಅವತ್ತೇ ನಮಗೆ ಫೋನ್ ಮಾಡಿ. ದನಕ್ಕೂ ಕಚ್ಚಿದ ಮೇಲೆ ಕೊಡುವ ಲಸಿಕೆ ಉಂಟು, 0, 3, 7, 14, 28 ಅಂತ ಐದು ಸಲ. ಆ ಹುಡುಗ ತಿಂಗಳ ಹಿಂದೆಯೇ ಹೇಳಿದ್ದರೆ ಅಂತ ಈಗ ಅವನನ್ನು ಬೈಯಬೇಡಿ, ಕಚ್ಚಿದ್ದನ್ನು ಹೇಳಿದರೆ ದೊಡ್ಡವರು ಬೈಯುತ್ತಾರೆ ಅಂತಲೇ ಮಕ್ಕಳು ಹೇಳದಿರುವುದು.

ಬೀದಿನಾಯಿಗಳದ್ದು ದೊಡ್ಡ ಜಗಳ, ಇಲ್ಲಿ ಮುಗಿಯುವುದಿಲ್ಲ. ಒಂದು ಮಾತು ಮಾತ್ರ. ಊರಿನ ನೂರು ನಾಯಿಯಲ್ಲಿ 70ಕ್ಕೆ ವರ್ಷ ವರ್ಷ ಲಸಿಕೆ ಬಿದ್ದರೆ ರೇಬೀಸ್ ಹರಡಲು ದಾರಿ ಸಿಗುವುದಿಲ್ಲ. ನಮ್ಮ ಪಕ್ಕದ ಗೋವಾ ಇದನ್ನು ಮಾಡಿ ತೋರಿಸಿತು. ಬಲೆ ಹಿಡಿದುಕೊಂಡು ಬೀದಿ ಬೀದಿ ತಿರುಗಿ ನಾಯಿಗಳಿಗೆ ಚುಚ್ಚಿದರು. 2021ರಲ್ಲಿ ರೇಬೀಸ್ ಹತೋಟಿಗೆ ಬಂದ ರಾಜ್ಯ ಅಂತ ಅದನ್ನು ಘೋಷಿಸಿದರು. ಮನುಷ್ಯರಿಗೆ ಎಷ್ಟು ಇಂಜೆಕ್ಷನ್ ಕೊಟ್ಟರೂ ನಾಯಿಯಲ್ಲಿ ವೈರಸ್ ಇದ್ದೇ ಇರುತ್ತದೆ, ನಾಯಿಗೆ ಕೊಟ್ಟರೆ ಮಾತ್ರ ಬುಡ ಕೀಳುವುದು.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಬೆಕ್ಕು ಇದ್ದರೆ ಮಗುವಿಗೆ ತೊಂದರೆ, ಬಿಟ್ಟು ಬನ್ನಿ ಅಂತ ಅತ್ತೆ ಹೇಳುತ್ತಾರೆ. ಏಳು ವರ್ಷದಿಂದ ಸಾಕಿದ ಬೆಕ್ಕು. ನಿಜವಾ?
– ಕದ್ರಿ, ಮಂಗಳೂರು

ಉತ್ತರ: ಅತ್ತೆ ಹೇಳುವುದರಲ್ಲಿ ಒಂದು ಚೂರು ನಿಜ ಇದೆ, ಪೂರ್ತಿ ಇಲ್ಲ. ಟಾಕ್ಸೊಪ್ಲಾಸ್ಮ ಅನ್ನುವ ಒಂದು ಸೂಕ್ಷ್ಮಜೀವಿ ಬೆಕ್ಕಿನ ಹೇಲಿನಲ್ಲಿ ಇರಬಹುದು. ಗರ್ಭಿಣಿಗೆ ಮೊದಲ ಸಲ ತಗುಲಿದರೆ ಮಗುವಿಗೆ ತೊಂದರೆ ಆಗಬಹುದು. ಆದರೆ ಬೆಕ್ಕು ಅದನ್ನು ಜೀವನದಲ್ಲಿ ಸಾಮಾನ್ಯವಾಗಿ ಒಂದು ಸಲ, ಕೆಲವೇ ವಾರ ಹೊರಗೆ ಹಾಕುವುದು. ಹಾಕಿದ ಹೇಲು ಕೂಡ ಒಂದು ದಿನವಾದರೂ ಕಳೆದ ಮೇಲೆಯೇ ಅಂಟುವ ಹಾಗಾಗುವುದು. ಅಂದರೆ ದಿನಾ ತೆಗೆದು ಹಾಕಿದರೆ ಭಯ ಬಹಳ ಕಡಿಮೆ. ಆ ಕೆಲಸವನ್ನು ನಿಮ್ಮ ಗಂಡನಿಗೆ ವಹಿಸಿ. ಹೆರಿಗೆ ಆದ ಮೇಲೂ ಅವರೇ ಮುಂದುವರಿಸಲಿ, ಯಾರು ಬೇಡ ಅನ್ನುತ್ತಾರೆ?

ಬೆಕ್ಕಿಗೆ ಹಸಿ ಮಾಂಸ, ಹಸಿ ಮೀನು ಹಾಕಬೇಡಿ. ನೀವು ಅರೆಬೆಂದ ಮಾಂಸ ತಿನ್ನಬೇಡಿ, ತರಕಾರಿ ಚೆನ್ನಾಗಿ ತೊಳೆಯಿರಿ, ಹೂದೋಟದ ಮಣ್ಣು ಕೆದಕುವುದಿದ್ದರೆ ಗ್ಲೌಸ್ ಹಾಕಿ. ನಿಮ್ಮ ಡಾಕ್ಟ್ರಿಗೆ ಬೆಕ್ಕು ಇರುವ ವಿಷಯ ಹೇಳಿ, ಬೇಕಾದರೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಬೆಕ್ಕು ಇರಲಿ.

ಪ್ರಶ್ನೆ: ನಮ್ಮ ಜರ್ಸಿ ದನ ಏಳು ತಿಂಗಳಿಗೆ ಕಂದು ಹಾಕಿತು (ಗರ್ಭಪಾತ). ಕಸ (ಮಾಸು) ಬೀಳಲಿಲ್ಲ, ನಾನೇ ಕೈ ಹಾಕಿ ತೆಗೆದೆ. ಹಿರಿಯರು ಹೇಳಿದ ಹಾಗೆ ಅದನ್ನು ಹಾಲು ಬರುವ ಮರಕ್ಕೆ ಕಟ್ಟಿದೆ, ರಾತ್ರಿ ನಾಯಿ ಎಳೆದುಕೊಂಡು ಹೋಯಿತು. ಹೋದ ವರ್ಷ ಇನ್ನೊಂದು ದನಕ್ಕೂ ಹೀಗೇ ಆಗಿತ್ತು. ಎರಡು ತಿಂಗಳಿಂದ ನನಗೆ ಸಂಜೆ ಸಂಜೆ ಜ್ವರ, ಸೊಂಟ ನೋವು, ರಾತ್ರಿ ಬೆವರು. ಟೈಫಾಯ್ಡ್ ಅಂತ ಔಷಧಿ ತೆಗೆದುಕೊಂಡೆ, ಕಡಿಮೆಯಾಗಿ ಮತ್ತೆ ಬಂತು. ದನಕ್ಕೂ ನನಗೂ ಸಂಬಂಧ ಉಂಟಾ?
– ಹೈನುಗಾರರು, ಬ್ರಹ್ಮಾವರ

ಉತ್ತರ: ಇರಬಹುದು. ಇವತ್ತೇ ಆಸ್ಪತ್ರೆಗೆ ಹೋಗಿ, ಜ್ವರ ಅಂತ ಮಾತ್ರ ಹೇಳಬೇಡಿ, ಹಟ್ಟಿಯಲ್ಲಿ ಎರಡು ದನ ಕಂದು ಹಾಕಿದೆ, ನಾನೇ ಕಸ ತೆಗೆದದ್ದು ಅಂತ ಹೇಳಿ. ಆ ಒಂದು ವಾಕ್ಯ ಕೇಳಿದರೆ ಡಾಕ್ಟ್ರು ಬ್ರುಸೆಲ್ಲಾ ಪರೀಕ್ಷೆ ಬರೆಯುತ್ತಾರೆ, ಅದು ದನ ಕಂದು ಹಾಕುವ ಹಾಗೆ ಮಾಡಿ ಮನುಷ್ಯರಿಗೂ ಹರಡುವ ರೋಗಾಣು. ಕೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ನೀವು ಹೇಳಲಿಲ್ಲ, ಅವರು ಕೇಳಲಿಲ್ಲ, ಹೀಗೆ ಒಂದು ವರ್ಷ ಸೊಂಟ ಹಿಡಿದುಕೊಂಡು ತಿರುಗಿದವರನ್ನು ನಾನು ನೋಡಿದ್ದೇನೆ. ಹೌದು ಅಂತಾದರೆ ಎರಡು ಬಗೆಯ ಔಷಧಿಯನ್ನು ಕಡಿಮೆ ಅಂದರೂ ಆರು ವಾರ ತೆಗೆದುಕೊಳ್ಳಬೇಕಾಗುತ್ತದೆ. ಜ್ವರ ಬಿಟ್ಟಿತು ಅಂತ ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಬರುತ್ತದೆ.

ದನಗಳ ರಕ್ತ ತೆಗೆದು ಪರೀಕ್ಷೆಗೆ ಕಳಿಸಲು ನಿಮ್ಮ ಪಶು ಆಸ್ಪತ್ರೆಗೆ ಹೇಳಿ. ಕಂದು ಹಾಕಿದ ದನವನ್ನು ಬೇರೆ ಕಟ್ಟಿ. ಸತ್ತ ಕರು, ಕಸ, ಹಾಸಿದ ಹುಲ್ಲು ಎಲ್ಲ ಆಳದ ಹೊಂಡದಲ್ಲಿ ಸುಣ್ಣ ಹಾಕಿ ಹುಗಿಯಬೇಕು. ಮರಕ್ಕೆ ಕಟ್ಟಿದರೆ ಹಾಲು ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆಯ ತಂಟೆಗೆ ನಾನು ಹೋಗುವುದಿಲ್ಲ, ಆದರೆ ನಾಯಿ ಎಳೆದುಕೊಂಡು ಹೋದದ್ದು ಎಷ್ಟು ಹಟ್ಟಿಯ ಎದುರು ದಾಟಿತು ಅಂತ ಲೆಕ್ಕ ಹಾಕಿ. ಹಾಲು ಕುದಿಸಿಯೇ ಕುಡಿಯಿರಿ.

ಹೆಣ್ಣು ಕರು ಹುಟ್ಟಿದರೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಕೊಡುವ ಬ್ರುಸೆಲ್ಲಾ ಲಸಿಕೆ ಉಂಟು. ಜೀವಮಾನಕ್ಕೆ ಒಂದೇ ಸಲ. 2019ರಿಂದ ಕೇಂದ್ರದ ಯೋಜನೆಯಲ್ಲಿ ಕಾಲುಬಾಯಿ ರೋಗದ ಲಸಿಕೆಯ ಹಾಗೆ ಇದನ್ನೂ ಪುಕ್ಕಟೆ ಕೊಡುತ್ತಾರೆ. ಗಬ್ಬದ ದನಕ್ಕೆ, ಗಂಡು ಕರುವಿಗೆ ಕೊಡುವ ಹಾಗಿಲ್ಲ. ಇದು ಜೀವಂತ ರೋಗಾಣುವಿನ ಲಸಿಕೆ, ಹಾಗಾಗಿ ಚುಚ್ಚುವ ನಮಗೂ ಅಪಾಯವೇ. ಕರು ಒದ್ದು ಸೂಜಿ ತಿರುಗಿ ತನ್ನ ಬೆರಳಿಗೇ ಚುಚ್ಚಿಕೊಂಡ ಗೆಳೆಯನೊಬ್ಬ ನನಗಿದ್ದಾನೆ. ಲಸಿಕೆಯ ದಿನ ನಾವು ಬಂದಾಗ ಕರುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಅಂತ ಬೊಬ್ಬೆ ಹಾಕುವುದು ಅದಕ್ಕೇ.

ಪ್ರಶ್ನೆ: ಇಲಿಜ್ವರಕ್ಕೂ ನಾಯಿಗೂ ಏನು ಸಂಬಂಧ? ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಇಂಜೆಕ್ಷನ್‌ನಲ್ಲಿ ಇಲಿಜ್ವರದ್ದೂ ಇದೆ ಅಂತ ಹೇಳಿದರು. ನನ್ನಿಂದ ಸುಮ್ನೆ ದುಡ್ಡು ತೆಗೆಯುತ್ತಿದ್ದಾರಾ?
– ಸುರತ್ಕಲ್

ಉತ್ತರ: ಇಲ್ಲ, ನಿಜವೇ ಹೇಳಿದ್ದಾರೆ. ಹೆಸರು ಇಲಿಜ್ವರ ಆದರೂ ರೋಗಾಣು ಇಲಿಯ ಮೂತ್ರದಲ್ಲಿ ಮಾತ್ರ ಇರುವುದಲ್ಲ. ನಾಯಿ, ದನ, ಹಂದಿಯ ಮೂತ್ರದಲ್ಲೂ ಬರುತ್ತದೆ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ನೆಲ ಒಣಗುವುದೇ ಇಲ್ಲವಲ್ಲ, ಮೂತ್ರ ಬಿದ್ದ ನೀರು ಗದ್ದೆಯಲ್ಲಿ, ತೋಟದ ಕಣಿಯಲ್ಲಿ, ಅಂಗಳದಲ್ಲಿ ನಿಂತಿರುತ್ತದೆ. ಕಾಲಿನ ಒಂದು ಸಣ್ಣ ಬಿರುಕು ಸಾಕು. ಉಡುಪಿ, ಮಂಗಳೂರಿನ ಡಾಕ್ಟ್ರುಗಳಿಗೆ ಮಳೆಗಾಲದ ಜ್ವರ ಅಂದ ಕೂಡಲೇ ಇದು ನೆನಪಾಗುತ್ತದೆ. ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ನೋವು, ಮೈಕೈ ನೋವಿನ ಜ್ವರ ಬಂದರೆ ಎರಡು ದಿನ ನೋಡುವ ಅಂತ ಕೂರಬೇಡಿ, ತಡವಾದರೆ ಕಿಡ್ನಿಗೆ, ಲಿವರ್‌ಗೆ ಹೋಗುತ್ತದೆ.

ದನಕ್ಕೆ ಬಂದರೆ ಹಾಲು ಒಮ್ಮೆಲೇ ಇಳಿಯುತ್ತದೆ, ಕೆಚ್ಚಲು ಬಾವು ಇಲ್ಲದೆ ಮೆತ್ತಗಿದ್ದರೂ ಹಾಲು ಹಳದಿಯೋ ಕೆಂಪೋ ಆಗುತ್ತದೆ, ಕಂದೂ ಹಾಕಬಹುದು. ಆಗ ನಾವು ದನ ನೋಡಿ, ಹಟ್ಟಿ ತೊಳೆಯುವವರು ಯಾರು ಅಂತ ಕೇಳುತ್ತೇವೆ. ತಪ್ಪು ತಿಳಿಯಬೇಡಿ, ಅವರಿಗೆ ಜ್ವರ ಇದೆಯಾ ಅಂತ ಕೇಳಲು ಅದು ಪೀಠಿಕೆ. ನಾಯಿಗೂಡು, ಹಟ್ಟಿ ತೊಳೆಯುವಾಗ ಗಮ್‌ಬೂಟ್ ಹಾಕಿ. ನಾಯಿಯ ಲಸಿಕೆ ತಪ್ಪಿಸಬೇಡಿ. ಗದ್ದೆಗೆ ಇಳಿಯುವವರಿಗೆ ವಾರಕ್ಕೊಮ್ಮೆ ನುಂಗುವ ಮಾತ್ರೆ ಇದೆ, ಆದರೆ ಅದು ಡಾಕ್ಟ್ರು ಹೇಳಿದರೆ ಮಾತ್ರ, ಮೆಡಿಕಲ್‌ನಿಂದ ನೀವೇ ತೆಗೆದುಕೊಳ್ಳುವುದಲ್ಲ.

ಪ್ರಶ್ನೆ: ನಮ್ಮ ಮನೆ ಹಿಂದಿನ ದೊಡ್ಡ ಮರದಲ್ಲಿ ನೂರಾರು ಬಾವಲಿ. ಕೇರಳದಲ್ಲಿ ಬಾವಲಿಯಿಂದ ಬರುವ ನಿಪಾ ವೈರಸ್ ಅಂತ ಸುದ್ದಿ ಬಂದಾಗಲೆಲ್ಲ ಮರ ಕಡಿಸಿ ಅಂತ ನೆರೆಕರೆಯವರ ಒತ್ತಾಯ. ಕಡಿಸಬೇಕಾ?
– ತಲಪಾಡಿ

ಉತ್ತರ: ಕಡಿಸಬೇಡಿ. ಗೂಡು ಕೆಡಿಸಿದರೆ ಬಾವಲಿ ಸಾಯುವುದಿಲ್ಲ, ಹತ್ತು ಮರಕ್ಕೆ ಹಂಚಿ ಹೋಗುತ್ತದೆ. ಮೇಲಾಗಿ ಹೆದರಿ, ಹಸಿದು ಸೊರಗಿದ ಬಾವಲಿ ವೈರಸ್ ಹೊರಗೆ ಹಾಕುವ ಸಾಧ್ಯತೆ ಜಾಸ್ತಿ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ, ಮಕ್ಕಳಿಗೂ ಹೇಳಿ, ದನಕ್ಕೂ ಹಾಕಬೇಡಿ. ಬಾವಿಗೆ ಬಲೆ ಹಾಕಿ. ಕಳ್ಳು ಇಳಿಸುವವರು ಮಡಕೆಗೆ ಬಾವಲಿ ಬಾಯಿ ಹಾಕದ ಹಾಗೆ ಮುಚ್ಚಬೇಕು. ಸತ್ತು ಬಿದ್ದ ಬಾವಲಿಯನ್ನು ಮುಟ್ಟಬೇಡಿ.

ಈ ನಿಪಾ ಮೊದಲು ಎದ್ದದ್ದು 1998–99ರಲ್ಲಿ ಮಲೇಷ್ಯಾದಲ್ಲಿ. ಬಾವಲಿ ತಿಂದು ಬಿಟ್ಟ ಹಣ್ಣು ಹಂದಿಗೂಡಿಗೆ ಬಿತ್ತು, ಹಂದಿಗಳಿಗೆ ಕೆಮ್ಮು, ಆಮೇಲೆ ಸಾಕುವವರಿಗೆ ಮೆದುಳು ಜ್ವರ. ಮೊದಲು ಅದನ್ನು ಸೊಳ್ಳೆಯಿಂದ ಬರುವ ಜಪಾನಿ ಮೆದುಳು ಜ್ವರ ಅಂತ ತಿಳಿದು ಸೊಳ್ಳೆಗೆ ಹೊಗೆ ಹಾಕಿದರು, ಜನರಿಗೆ ಅದರ ಲಸಿಕೆ ಕೊಟ್ಟರು. ಆದರೆ ಲಸಿಕೆ ತೆಗೆದುಕೊಂಡ ಹಂದಿ ಸಾಕುವವರೂ ಮಲಗಿದರು, ಹಂದಿಗಳೂ ಸಾಯುತ್ತಿದ್ದವು. ಜಪಾನಿ ಜ್ವರದಲ್ಲಿ ದೊಡ್ಡ ಹಂದಿ ಹಾಗೆ ಕೆಮ್ಮಿ ಸಾಯುವುದಿಲ್ಲ. ಹಂದಿಯ ಕೆಮ್ಮಿಗೆ ಮೊದಲೇ ಕಿವಿ ಕೊಟ್ಟಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು, ಹತ್ತು ಲಕ್ಷಕ್ಕೂ ಮಿಕ್ಕಿ ಹಂದಿಗಳನ್ನು ಕೊಂದರು.

2018ರಲ್ಲಿ ಕೋಝಿಕ್ಕೋಡಿನ ಸ್ಯಾಂಪಲ್ ನಮ್ಮ ಮಣಿಪಾಲದ ವೈರಸ್ ಲ್ಯಾಬಿಗೆ ಬಂದದ್ದರಿಂದ ಬೇಗ ಗೊತ್ತಾಯಿತು. ಆಗ ಅಲ್ಲಿನ ಪಶುವೈದ್ಯರು ಮಾಡಿದ ಮೊದಲ ಕೆಲಸ ಸುತ್ತಲಿನ ಹಂದಿ, ದನ, ಆಡುಗಳನ್ನು ಪರೀಕ್ಷೆ ಮಾಡಿದ್ದು. ಯಾವುದಕ್ಕೂ ಬಂದಿರಲಿಲ್ಲ. ಹಾಗಾಗಿ ಅವುಗಳನ್ನು ಕೊಲ್ಲಬೇಕಾಗಲಿಲ್ಲ.

ಚಿಕ್ಕ ಪ್ರಶ್ನೆಗಳು

ಚರ್ಮಗಂಟು ರೋಗ ಬಂದ ದನದ ಹಾಲು ಕುಡಿಯಬಹುದಾ? (ಕಾಪು) – ಮನುಷ್ಯರಿಗೆ ಅದು ಬರುವುದೇ ಇಲ್ಲ. ಕುದಿಸಿ ಕುಡಿಯಿರಿ. ದನಕ್ಕೆ ಇಂಜೆಕ್ಷನ್ ಕೊಟ್ಟಿದ್ದರೆ ಎಷ್ಟು ದಿನ ಹಾಲು ಬಿಡಬೇಕು ಅಂತ ಕೇಳಿ.

ಹಕ್ಕಿಜ್ವರ ಬಂದಾಗ ಕೋಳಿ ತಿನ್ನಬಹುದಾ? (ಬಿಜೈ) – ಚೆನ್ನಾಗಿ ಬೇಯಿಸಿದ ಸುಕ್ಕ ತಿನ್ನಿ, ರೊಟ್ಟಿಯ ಜೊತೆ. ಹಾಫ್‌ಬಾಯಿಲ್ ಬಿಡಿ. ಹಿತ್ತಲಲ್ಲಿ ಕೋಳಿಯೋ ಕಾಗೆಯೋ ಗುಂಪಾಗಿ ಸತ್ತರೆ ಮುಟ್ಟದೆ ತಿಳಿಸಿ.

ಯಾರಿಗೆ ತಿಳಿಸುವುದು? (ಹಲವರು) – ಹತ್ತಿರದ ಪಶು ಆಸ್ಪತ್ರೆ, ಇಲ್ಲವಾದರೆ 1962. ಪಶು ಸಂಜೀವಿನಿ ಗಾಡಿ ಬರುವುದು ಇದೇ ನಂಬರಿಗೆ. ಮಂಗ ಸತ್ತದ್ದಾದರೆ ಪಂಚಾಯತಿಗೋ ಆಶಾ ಕಾರ್ಯಕರ್ತೆಗೋ ಹೇಳಿದರೂ ನಮಗೆ ಮುಟ್ಟುತ್ತದೆ.

ಪ್ರಶ್ನೆ: ಸರ್, ನಾನು ದ್ವಿತೀಯ ಪಿಯುಸಿ. ಪಶುವೈದ್ಯಕೀಯ ಓದಬೇಕು ಅಂತ ಆಸೆ. ದನದ ಡಾಕ್ಟ್ರಾಗಿ ಏನು ಮಾಡುತ್ತಿ, ಸೆಗಣಿ ಬಾಚುತ್ತೀಯಾ ಅಂತ ಮಾವ ತಮಾಷೆ ಮಾಡುತ್ತಾರೆ. ಅಪ್ಪ ಸುಮ್ಮನೆ ನಗುತ್ತಾರೆ. ಅವರಿಗೆ ಏನು ಹೇಳಲಿ?
– ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಸೆಗಣಿ ಇರುತ್ತದೆ ಮಗಳೇ, ಸುಳ್ಳು ಹೇಳುವುದಿಲ್ಲ. ಮೊಣಕೈವರೆಗೆ ಇರುತ್ತದೆ.

ಐದೂವರೆ ವರ್ಷದ ಕೋರ್ಸು, ಇಂಟರ್ನ್‌ಶಿಪ್ ಸೇರಿ. ಸಿಇಟಿ ಬರೆಯಬೇಕು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಸರಕಾರಿ ಕಾಲೇಜುಗಳಿವೆ. ಮಾವನಿಗೆ ಒಂದು ಲೆಕ್ಕ ಹೇಳು. ಮನುಷ್ಯರಿಗೆ ಹೊಸದಾಗಿ ಬರುತ್ತಿರುವ ಸಾಂಕ್ರಾಮಿಕ ಕಾಯಿಲೆಗಳಲ್ಲಿ ನಾಲ್ಕಕ್ಕೆ ಮೂರು ಪ್ರಾಣಿಗಳಿಂದಲೇ ಬರುವುದು. ಅವರು ಭಾನುವಾರ ತರುವ ಆಡಿನ ಮಾಂಸವನ್ನು ತಪಾಸಣೆ ಮಾಡಬೇಕಾದವರು ನಾವು, ಅವರ ಚಹಾದ ಹಾಲು ಕೊಡುವ ದನಕ್ಕೆ ಲಸಿಕೆ ಹಾಕುವವರೂ ನಾವು. ಇಷ್ಟೆಲ್ಲ ಮಾಡಿ ಏನೂ ಆಗದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ ಅನ್ನುವುದೊಂದು ಬೇಜಾರು, ಬಾರದ ಕಾಯಿಲೆಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಮತ್ತೊಂದು, ಕಾಲೇಜು ಸೇರಿದ ಮೇಲೆ ಮೊದಲು ರೇಬೀಸ್ ಲಸಿಕೆ ಹಾಕಿಸಿಕೋ, ನಾಯಿ ಕಚ್ಚುವ ಮೊದಲೇ ಕೊಡುವುದೂ ಉಂಟು. ನನ್ನ ಹಾಗೆ ಬಾವಿಕಟ್ಟೆಗೆ ಓಡುವುದು ಬೇಡ.

ಮುಂದಿನ ಸಲ ನಿಮ್ಮೂರಿನಲ್ಲಿ ಕಾಲುಬಾಯಿ ಲಸಿಕೆ ಹಾಕಲು ಬಂದಾಗ ಅವರ ಜೊತೆ ಒಂದು ದಿನ ಹಟ್ಟಿ ಹಟ್ಟಿ ತಿರುಗು. ಹಗ್ಗ ಹಿಡಿ, ಕಿವಿಯ ನಂಬರ್ ಬರೆದುಕೋ. ಮೂರನೇ ದನ ಒದ್ದ ಮೇಲೂ ಆಸೆ ಹಾಗೇ ಇದ್ದರೆ ಅರ್ಜಿ ಹಾಕು, ಆಮೇಲೆ ಅಪ್ಪನಿಗೆ ಹೇಳಿದರಾಯಿತು.